ಇ-ಕ್ಯಾಡ್ಹೆರಿನ್ ಬಣ್ಣ ಬಂದಿಲ್ಲ: ದೋಷ ಸ್ಲೈಡಿನದೋ, ಗೆಡ್ಡೆಯದೋ?

ಸ್ತನದ ಬಯಾಪ್ಸಿ. ಸೂಕ್ಷ್ಮದರ್ಶಕದ ಕೆಳಗೆ ಗೆಡ್ಡೆಯ ಜೀವಕೋಶಗಳು ಇರುವೆಗಳಂತೆ ಒಂದರ ಹಿಂದೆ ಒಂದು ಸಾಲುಗಟ್ಟಿ ಹೊರಟಿವೆ. ಕೋಶಗಳನ್ನು ಒಂದಕ್ಕೊಂದು ಅಂಟಿಸಿಡುವ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನನ್ನು ಪ್ರತಿಕಾಯದಿಂದ ಹುಡುಕಿ, ಅದು ಇರುವಲ್ಲಿ ಕಂದು ಬಣ್ಣ ಬರುವಂತೆ ಮಾಡಿದ ಸ್ಲೈಡಿನಲ್ಲಿ ಅವುಗಳ ಸುತ್ತ ಕಂದು ಗೆರೆಯೇ ಇಲ್ಲ. ಹೆಮಟಾಕ್ಸಿಲಿನ್ ಹೀರಿದ ನೀಲಿ ಕೋಶಕೇಂದ್ರಗಳು ಮಾತ್ರ ಕಣ್ಣು ಬಿಟ್ಟುಕೊಂಡಿವೆ.

‘ಇ-ಕ್ಯಾಡ್ಹೆರಿನ್ ನಷ್ಟವಾಗಿದೆ’ ಎಂದು ಬರೆದು ಮುಂದಿನ ಸ್ಲೈಡಿಗೆ ಕೈಚಾಚುವ ಮೊದಲು ಸ್ವಲ್ಪ ತಡೆಯಬೇಕು. ಬಣ್ಣ ಹಾಕುವ ಕೆಲಸವೇ ಕೆಟ್ಟಿರಬಹುದು. ಪ್ರೋಟೀನು ನಿಜಕ್ಕೂ ಹೋಗಿರಬಹುದು. ಅಥವಾ ಪ್ರೋಟೀನಿನ ಅರ್ಧ ಭಾಗ ಅಲ್ಲೇ ಉಳಿದು, ನಮ್ಮ ಪ್ರತಿಕಾಯ ಹುಡುಕುವ ತುಂಡು ಮಾತ್ರ ಕತ್ತರಿಸಿ ಹೋಗಿರಬಹುದು. ಇದಕ್ಕೆ ತದ್ವಿರುದ್ಧವಾದ, ಇನ್ನೂ ಹೆಚ್ಚು ದಾರಿತಪ್ಪಿಸುವ ಸ್ಥಿತಿಯೂ ಇದೆ: ಬಣ್ಣ ಸೊಗಸಾಗಿ ಬಂದಿರುತ್ತದೆ, ಹಿಡಿತ ಮಾತ್ರ ಇರುವುದಿಲ್ಲ. ಆ ವರದಿಗಾಗಿ ಒಬ್ಬರು ರಾತ್ರಿ ನಿದ್ದೆಯಿಲ್ಲದೆ ಕಾಯುತ್ತಿರುತ್ತಾರೆ. ಆದ್ದರಿಂದ ಯಾವ ಪ್ರಶ್ನೆ ಮೊದಲು, ಯಾವುದು ಆಮೇಲೆ ಎಂಬ ಕ್ರಮವನ್ನು ನಾನು ಎಂದೂ ಬಿಡುವುದಿಲ್ಲ. ಹಿರಿಯರು ಹೇಳಿಕೊಟ್ಟದ್ದನ್ನೂ ತಪ್ಪು ಮಾಡಿ ಕಲಿತದ್ದನ್ನೂ ಸೇರಿಸಿ ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಸರಿಯಾಗಿದ್ದಾಗ ಹೇಗಿರುತ್ತದೆ

ಕೆಟ್ಟದ್ದನ್ನು ಗುರುತಿಸಲು ನೆಟ್ಟಗಿರುವುದು ಕಣ್ಣಿಗೆ ಕಟ್ಟಿರಬೇಕು. ಆರೋಗ್ಯವಂತ ಎಪಿಥೀಲಿಯಮ್‌ನಲ್ಲಿ, ಅಂದರೆ ಅಂಗಗಳ ಮೈಯನ್ನೂ ನಾಳಗಳ ಒಳಮೈಯನ್ನೂ ಹೊದಿಸುವ ಕೋಶಗಳ ಪದರದಲ್ಲಿ, ಪ್ರತಿ ಕೋಶದ ಸುತ್ತ, ನೆರೆಯ ಕೋಶಕ್ಕೆ ತಾಗುವ ಬದಿಯಲ್ಲೆಲ್ಲ, ತೆಳುವಾದ ಕಡುಕಂದು ಗೆರೆ ಇರುತ್ತದೆ. ದೂರದಿಂದ ನೋಡಿದರೆ ಜೇನುಹುಟ್ಟಿನ ಕಣ್ಣುಗಳಂತೆ ಕಾಣುತ್ತದೆ.

ಆ ಗೆರೆ ಒಂದು ಕೊಂಡಿ. ಇ-ಕ್ಯಾಡ್ಹೆರಿನ್ ಕೋಶಪೊರೆಯ ಆಚೆಗೂ ಈಚೆಗೂ ಚಾಚಿಕೊಂಡಿರುವ ಪ್ರೋಟೀನು. ತೂಕ ಸುಮಾರು 120 ಕಿಲೋಡಾಲ್ಟನ್. ಹೊರಗಿನ ಭಾಗದಲ್ಲಿ ಐದು ತುಂಡುಗಳು ಸರಪಳಿಯಂತೆ ಜೋಡಣೆಯಾಗಿವೆ. ತುಂಡು ತುಂಡಿನ ನಡುವೆ ಕ್ಯಾಲ್ಸಿಯಂ ಕೂತು ಸರಪಳಿಯನ್ನು ಸೆಟೆದು ನಿಲ್ಲಿಸುತ್ತದೆ. ಕ್ಯಾಲ್ಸಿಯಂ ತೆಗೆದರೆ ಅದು ಜೋತುಬೀಳುತ್ತದೆ. ತೀರಾ ಹೊರಗಿನ ತುಂಡಿನ ಎರಡನೆಯ ಅಮೈನೋ ಆಮ್ಲ ಟ್ರಿಪ್ಟೋಫಾನ್. ಅದು ಎದುರಿನ ಕೋಶದ ಇ-ಕ್ಯಾಡ್ಹೆರಿನ್‌ನ ಗುಳಿಯೊಳಗೆ ಹೋಗಿ ಕೂರುತ್ತದೆ, ಎದುರಿನದು ಇದರ ಗುಳಿಯಲ್ಲಿ ಕೂರುತ್ತದೆ. ಕೈಬೆರಳುಗಳನ್ನು ಹೆಣೆದ ಹಾಗೆ. ಒಳಗಿನ ಬಾಲಕ್ಕೆ ಪೊರೆಯ ಹತ್ತಿರ ಪಿ120 ಕ್ಯಾಟೆನಿನ್, ತುದಿಯಲ್ಲಿ ಬೀಟಾ-ಕ್ಯಾಟೆನಿನ್ ಅಂಟಿಕೊಳ್ಳುತ್ತವೆ. ಬೀಟಾವನ್ನು ಆಲ್ಫಾ-ಕ್ಯಾಟೆನಿನ್ ಹಿಡಿದು, ಅದು ಕೋಶದ ಒಳಚೌಕಟ್ಟಾದ ಆಕ್ಟಿನ್ ಎಳೆಗಳನ್ನು ಹಿಡಿಯುತ್ತದೆ. ಈ ಸಾಲಿನಲ್ಲಿ ಯಾರು ಕೈಬಿಟ್ಟರೂ ಕೋಶ ಸಡಿಲವಾಗುತ್ತದೆ. ನಾವು ಬಣ್ಣ ಹಾಕುವುದು ಸಾಲಿನ ಒಬ್ಬರಿಗೆ ಮಾತ್ರ ಎಂಬುದು ನೆನಪಿರಲಿ.

ಮೊದಲ ಪ್ರಶ್ನೆ: ಪಕ್ಕದ ಆರೋಗ್ಯವಂತ ಕೋಶ ಏನು ಹೇಳುತ್ತದೆ?

ಗೆಡ್ಡೆಯನ್ನು ಬಿಟ್ಟು ಅದೇ ಸ್ಲೈಡಿನಲ್ಲಿ ಒಂದು ಸಹಜ ಹಾಲಿನ ನಾಳವನ್ನು ಹುಡುಕಿ. ಅದರ ಒಳಪದರದ ಕೋಶಗಳು ಕಡುಕಂದಾಗಿದ್ದು, ಎರಡು ಕೂದಲೆಳೆಯಷ್ಟು ಆಚೆ ಇರುವ ಗೆಡ್ಡೆಯ ಕೋಶಗಳು ಬೋಳಾಗಿದ್ದರೆ ಆ ನಷ್ಟವನ್ನು ನಂಬಬಹುದು. ನಾಳವೂ ಪೇಲವವಾಗಿದ್ದರೆ ಗೆಡ್ಡೆಯ ಬಗ್ಗೆ ಒಂದಕ್ಷರವನ್ನೂ ಬರೆಯಬೇಡಿ. ಸ್ಲೈಡಿನಲ್ಲಿ ಸಹಜ ನಾಳವೇ ಇಲ್ಲದಿದ್ದರೆ ಅದೇ ಗೆಡ್ಡೆಯ ಇನ್ನೊಂದು ಬ್ಲಾಕ್ (ಮೇಣದಲ್ಲಿ ಕೂರಿಸಿದ ಅಂಗಾಂಶದ ತುಂಡು) ತರಿಸಿ. ಸೂಜಿ ಬಯಾಪ್ಸಿಯಲ್ಲಿ ಅದೂ ಇಲ್ಲವಾದರೆ ಜೊತೆಗೆ ಓಡಿಸಿದ ಕಂಟ್ರೋಲ್ ಸ್ಲೈಡೇ, ಅಂದರೆ ಬಣ್ಣ ಬಂದೇ ಬರಬೇಕಾದ ಹೋಲಿಕೆಯ ಸ್ಲೈಡೇ, ಗತಿ.

ಆ ಕಂಟ್ರೋಲ್ ಯಾವುದು ಎಂಬುದರಲ್ಲೇ ಅರ್ಧ ಕಥೆ ಇದೆ. ಒಮ್ಮೆ ನಮ್ಮಲ್ಲಿ ಸುಮಾರು ಎರಡು ವಾರ ಲೋಬ್ಯುಲರ್ ಕಾರ್ಸಿನೋಮಗಳ (ಸಾಮಾನ್ಯವಾಗಿ ಇ-ಕ್ಯಾಡ್ಹೆರಿನ್ ಕಳೆದುಕೊಂಡು ಕೋಶಗಳು ಸಾಲಾಗಿ ಹರಿಯುವ ಬಗೆಯ ಸ್ತನ ಕ್ಯಾನ್ಸರ್) ಸುಗ್ಗಿಯೇ ಬಂದಂತಾಯಿತು. ಕಂಟ್ರೋಲ್ ಆಗಿ ಇಟ್ಟಿದ್ದ ದೊಡ್ಡಕರುಳಿನ ತುಣುಕು ಪ್ರತಿದಿನವೂ ಕಂದಾಗಿ ಹೊಳೆಯುತ್ತಿತ್ತು, ಆದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ನನಗೆ ಕಸಿವಿಸಿಯಾದದ್ದು ಒಂದು ಸ್ಲೈಡಿನ ಮೂಲೆಯಲ್ಲಿದ್ದ ಸಹಜ ನಾಳವನ್ನು ಕಂಡಾಗ: ಕಡುಕಂದು ಇರಬೇಕಾದಲ್ಲಿ ತಿಳಿ ಚಹಾದ ಬಣ್ಣ. ಯಕೃತ್ತಿನ ತುಣುಕೊಂದಕ್ಕೆ ಬಣ್ಣ ಹಾಕಿಸಿ ನೋಡಿದೆ. ಯಕೃತ್ತಿನ ಕೋಶಗಳಲ್ಲಿ ಇ-ಕ್ಯಾಡ್ಹೆರಿನ್ ಮಧ್ಯಮ ಪ್ರಮಾಣದಲ್ಲಿರುತ್ತದೆ; ಅಂದು ಅಲ್ಲಿ ಏನೂ ಕಾಣಲಿಲ್ಲ. ಕರುಳಿನ ಎಪಿಥೀಲಿಯಮ್‌ನಲ್ಲಿ ಈ ಪ್ರೋಟೀನು ಎಷ್ಟೊಂದು ತುಂಬಿರುತ್ತದೆಂದರೆ ಅರೆಬರೆ ಕೆಲಸ ಮಾಡುವ ವಿಧಾನದಲ್ಲೂ ಅದು ಬಣ್ಣ ತೆಗೆದುಕೊಂಡುಬಿಡುತ್ತದೆ. ಕೊನೆಗೆ ಸಿಕ್ಕ ಕಾರಣ ತೀರಾ ಸಣ್ಣದು. ಆಂಟಿಜೆನ್ (ಪ್ರತಿಕಾಯ ಹಿಡಿಯಬೇಕಾದ ಪ್ರೋಟೀನಿನ ಭಾಗ) ಬಿಡಿಸಲು ಪಿಎಚ್ 9ರ ಬಫರ್‌ನಲ್ಲಿ ಕುದಿಸಬೇಕಿದ್ದ ಸ್ಲೈಡುಗಳು ಪಿಎಚ್ 6ರ ಸಿಟ್ರೇಟ್ ಬಫರ್‌ನಲ್ಲಿ ಕುದಿದಿದ್ದವು. ಎರಡೂ ಬಾಟಲಿಗಳು ಒಂದೇ ಅಳತೆಯವು, ಒಂದೇ ಕಪಾಟಿನವು. ಆ ಎರಡು ವಾರಗಳ ಅಷ್ಟೂ ಸ್ಲೈಡುಗಳನ್ನು ಮತ್ತೆ ಮಾಡಿಸಿದೆವು. ಕೆಲವು ವರದಿಗಳನ್ನು ತಿದ್ದಿ, ಚಿಕಿತ್ಸೆ ನೀಡುತ್ತಿದ್ದ ವೈದ್ಯರಿಗೆ ನಾನೇ ಫೋನ್ ಮಾಡಿ ಹೇಳಬೇಕಾಯಿತು. ಅಂದಿನಿಂದ ಕರುಳಿನ ಜೊತೆಗೆ ಯಕೃತ್ತು ಇಲ್ಲದ ಕಂಟ್ರೋಲ್ ಸ್ಲೈಡನ್ನು ನಾನು ಒಪ್ಪಿಲ್ಲ.

ಬಣ್ಣದ ಕೆಲಸ ಸರಿಯಿದ್ದೂ ಅಂಗಾಂಶವೇ ಹಾಳಾಗಿರಬಹುದು. ಸ್ತನದ ಗೆಡ್ಡೆಯ ಹಾರ್ಮೋನ್ ಗ್ರಾಹಕಗಳ ಪರೀಕ್ಷೆಗೆ ಇರುವ ಮಾರ್ಗಸೂಚಿಯನ್ನೇ ಇಲ್ಲೂ ಪಾಲಿಸುವುದು ಒಳ್ಳೆಯದು: ದೇಹದಿಂದ ತೆಗೆದ ಒಂದು ಗಂಟೆಯೊಳಗೆ ಅಂಗಾಂಶ ಕೊಳೆಯದಂತೆ ಕಾಯುವ ಫಾರ್ಮಲಿನ್‌ಗೆ ಹಾಕಬೇಕು, ಅದರಲ್ಲಿ 6ರಿಂದ 72 ಗಂಟೆ ಇರಬೇಕು. ದೊಡ್ಡ ಗೆಡ್ಡೆಯನ್ನು ಸೀಳದೆ ಹಾಗೇ ಮುಳುಗಿಸಿಟ್ಟರೆ ಅಂಚು ಮಾತ್ರ ಹದಕ್ಕೆ ಬಂದು ಒಳಗೆ ಕೊಳೆಯುತ್ತದೆ. ಅಂಥದರಲ್ಲಿ ಹೊರಗೆ ಕಂದು, ನಡುವೆ ಖಾಲಿ ಕಾಣುತ್ತದೆ. ತಿಂಗಳುಗಟ್ಟಲೆ ಹಿಂದೆ ಕತ್ತರಿಸಿಟ್ಟ ಪದರಗಳೂ ಬಣ್ಣ ಕಳೆದುಕೊಳ್ಳುತ್ತವೆ. ಹೊಸದಾಗಿ ಕತ್ತರಿಸಿದ ಪದರದಲ್ಲಿ ಇನ್ನೊಮ್ಮೆ ನೋಡುವುದಕ್ಕೆ ಖರ್ಚು ಕಡಿಮೆ, ನೆಮ್ಮದಿ ಜಾಸ್ತಿ.

ಪ್ರಯೋಗಾಲಯದಲ್ಲಿ ಕೋಶಗಳನ್ನು ಬೆಳೆಸುವವರಿಗೆ ಒಂದು ಮಾತು

ಇದೇ ತಪ್ಪು ಸಂಶೋಧನೆಯಲ್ಲಿ ಬೇರೆ ವೇಷದಲ್ಲಿ ಬರುತ್ತದೆ. ತಟ್ಟೆಯಲ್ಲಿ ಒತ್ತೊತ್ತಾಗಿ ಬೆಳೆದ ಕೋಶಗಳನ್ನು ಟ್ರಿಪ್ಸಿನ್-ಇಡಿಟಿಎ ಹಾಕಿ ಬಿಡಿಸಿ, ಕೋಶಗಳನ್ನು ಒಂದೊಂದಾಗಿ ಹಾಯಿಸಿ ಅಳೆಯುವ ಫ್ಲೋ ಸೈಟೋಮೀಟರ್‌ಗೆ ಕೊಟ್ಟು, ‘ಇ-ಕ್ಯಾಡ್ಹೆರಿನ್ ಇಲ್ಲ’ ಎಂದು ತೀರ್ಮಾನಿಸುವುದು. ಇಡಿಟಿಎ ಕ್ಯಾಲ್ಸಿಯಂ ಕಸಿಯುತ್ತದೆ. ಜೋತುಬಿದ್ದ ಸರಪಳಿಯನ್ನು ಪ್ರೋಟೀನು ಕತ್ತರಿಸುವ ಕಿಣ್ವವಾದ ಟ್ರಿಪ್ಸಿನ್ ಚಕಚಕನೆ ಕತ್ತರಿಸುತ್ತದೆ. ಕ್ಯಾಲ್ಸಿಯಂ ಇದ್ದಾಗ ಅದೇ ಟ್ರಿಪ್ಸಿನ್ ಅದನ್ನು ಮುಟ್ಟಲಾರದು. ಈ ವ್ಯತ್ಯಾಸದ ಎಳೆ ಹಿಡಿದೇ ಕ್ಯೋಟೋ ವಿಶ್ವವಿದ್ಯಾಲಯದ ಮಸಾತೋಶಿ ತಾಕೇಯಿಚಿ 1977ರಲ್ಲಿ, ಕ್ಯಾಲ್ಸಿಯಂ ಬೇಡುವ ಅಂಟಿನ ವ್ಯವಸ್ಥೆಯೊಂದು ಕೋಶಗಳಲ್ಲಿ ಪ್ರತ್ಯೇಕವಾಗಿ ಇದೆ ಎಂದು ತೋರಿಸಿಕೊಟ್ಟರು. ಕ್ಯಾಡ್ಹೆರಿನ್ ಎಂಬ ಹೆಸರು ಅಲ್ಲಿಂದಲೇ ಬಂತು. ನಮ್ಮ ಕೈಯಿಂದಲೇ ಕತ್ತರಿಸಿ, ಕ್ಯಾನ್ಸರ್ ಕೋಶವೇ ಅದನ್ನು ಕಳೆದುಕೊಂಡಿತು ಎಂದು ಬರೆಯುವುದು ಆ ಕೆಲಸಕ್ಕೆ ಮಾಡುವ ಅನ್ಯಾಯ. ವಿರಳವಾಗಿ ಬಿತ್ತಿದ ತಟ್ಟೆಯನ್ನೂ ತುಂಬಿದ ತಟ್ಟೆಯನ್ನೂ ಹೋಲಿಸಬೇಡಿ. ಕೈ ಹಿಡಿಯಲು ನೆರೆಯವರೇ ಇಲ್ಲದ ಕೋಶದ ಪೊರೆಯಲ್ಲಿ ಈ ಪ್ರೋಟೀನು ಗೆರೆಯಾಗಿ ನಿಲ್ಲುವುದಿಲ್ಲ.

ಪ್ರತಿಕಾಯ ಹುಡುಕುತ್ತಿರುವುದು ಯಾವ ತುಂಡನ್ನು?

ಎಚ್‌ಇಸಿಡಿ-1 ಎಂಬ ಪ್ರತಿಕಾಯ ಇ-ಕ್ಯಾಡ್ಹೆರಿನ್‌ನ ಹೊರಭಾಗವನ್ನು ಹಿಡಿಯುತ್ತದೆ. 36 ಎಂಬ ಸಂಖ್ಯೆಯ ಪ್ರತಿಕಾಯ ಒಳಗಿನ ಬಾಲವನ್ನು ಹಿಡಿಯುತ್ತದೆ. ಒಂದರಲ್ಲಿ ಇಲ್ಲ, ಇನ್ನೊಂದರಲ್ಲಿ ಇದೆ ಎಂದು ಬಂದರೆ ಗಾಬರಿಯಾಗುವುದು ಬೇಡ, ಅದು ಒಳ್ಳೆಯ ಸುಳಿವು. ಎಡ್ಯಾಮ್10, ಎಂಎಂಪಿ-7ರಂಥ ಕಿಣ್ವಗಳು ಪೊರೆಯ ಹೊರಗಡೆ ಕತ್ತರಿ ಹಾಕಿದರೆ ಸುಮಾರು 80 ಕಿಲೋಡಾಲ್ಟನ್ ತೂಕದ ಹೊರತುಂಡು ಬಿಡಿಸಿಕೊಂಡು ರಕ್ತಕ್ಕೆ ಸೇರುತ್ತದೆ, ಬಾಲ ಸ್ವಲ್ಪ ಹೊತ್ತು ಉಳಿದಿರುತ್ತದೆ. ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ತೋರಿಸುವ ವೆಸ್ಟರ್ನ್ ಬ್ಲಾಟ್‌ನಲ್ಲಿ 120ರ ಪಟ್ಟಿ ತೆಳುವಾಗಿ 38ರ ಹತ್ತಿರ ಹೊಸ ಪಟ್ಟಿ ಮೂಡಿದ್ದರೆ ಇದೇ ಆಗಿರುವ ಸಾಧ್ಯತೆ ಹೆಚ್ಚು. ಬ್ಲಾಟ್‌ನ ಕೆಳಗಿನ ಅರ್ಧವನ್ನು ಕತ್ತರಿಸಿ ಎಸೆಯುವ ಅಭ್ಯಾಸವಿದ್ದರೆ ಈ ಪಟ್ಟಿ ಎಂದಿಗೂ ಕಣ್ಣಿಗೆ ಬೀಳುವುದಿಲ್ಲ.

ಜೊತೆಗಾರರು ಎಲ್ಲಿದ್ದಾರೆ?

ಬಣ್ಣ ಮಾಸಲಾಗಿದೆ, ಅಲ್ಲೊಂದು ಇಲ್ಲೊಂದು ಗೆರೆ ಇದೆ, ಹೌದೆನ್ನಲೂ ಆಗದು ಇಲ್ಲವೆನ್ನಲೂ ಆಗದು. ಈ ಸಂದಿಗ್ಧದಲ್ಲಿ ನನ್ನನ್ನು ಹೆಚ್ಚು ಸಲ ಕಾಪಾಡಿರುವುದು ಪಿ120 ಕ್ಯಾಟೆನಿನ್. ಇ-ಕ್ಯಾಡ್ಹೆರಿನ್ ಪೊರೆಯಲ್ಲಿ ಇದ್ದಷ್ಟು ಕಾಲ ಪಿ120 ಅದಕ್ಕೆ ಆತುಕೊಂಡು ಪೊರೆಯಲ್ಲೇ ನಿಂತಿರುತ್ತದೆ. ಇ-ಕ್ಯಾಡ್ಹೆರಿನ್ ಹೋದೊಡನೆ ಪಿ120 ಆಸರೆ ತಪ್ಪಿ ಕೋಶರಸದಲ್ಲಿ ಹರಡಿಕೊಳ್ಳುತ್ತದೆ. ಆದ್ದರಿಂದ ಡಕ್ಟಲ್ ಕಾರ್ಸಿನೋಮದಲ್ಲಿ (ಸ್ತನ ಕ್ಯಾನ್ಸರಿನ ಹೆಚ್ಚು ಸಾಮಾನ್ಯವಾದ ಬಗೆ) ಇ-ಕ್ಯಾಡ್ಹೆರಿನ್ ಎಷ್ಟೇ ಕುಗ್ಗಿದ್ದರೂ ಪಿ120 ಗೆರೆಗೆರೆಯಾಗಿ ಕಾಣುತ್ತದೆ. ಲೋಬ್ಯುಲರ್‌ನಲ್ಲಿ ಕೋಶದ ಒಡಲೆಲ್ಲ ಕಂದು ತುಂಬಿಕೊಂಡು ಗೆರೆ ಮಾಯವಾಗಿರುತ್ತದೆ. ಈ ಪರೀಕ್ಷೆಯ ದೊಡ್ಡ ಗುಣವೆಂದರೆ ನಷ್ಟವನ್ನು ಖಾಲಿತನದಿಂದ ಊಹಿಸಬೇಕಾಗಿಲ್ಲ, ಕಂದು ಬಣ್ಣವೇ ಎದುರು ನಿಂತು ಹೇಳುತ್ತದೆ. ಖಾಲಿ ಸ್ಲೈಡ್ ನೂರು ಕಾರಣಕ್ಕೆ ಖಾಲಿಯಾಗಬಹುದು; ಜಾಗ ಬದಲಿಸಿದ ಪಿ120ಗೆ ಅಷ್ಟು ಕಾರಣಗಳಿಲ್ಲ.

ಇಲ್ಲೊಂದು ಬಲೆ ಇದೆ. ಲೋಬ್ಯುಲರ್ ಗೆಡ್ಡೆಯ ನಡುವೆ ಸಿಕ್ಕಿಕೊಂಡ ಸಹಜ ನಾಳದ ಚೂರುಗಳು, ನಾಳದ ಹೊರಸುತ್ತಿನ ಮಯೋಎಪಿಥೀಲಿಯಲ್ ಕೋಶಗಳು ಕಂದು ಚುಕ್ಕೆಗಳಾಗಿ ಕಂಡು, ಗೆಡ್ಡೆಗೇ ಬಣ್ಣ ಬಂದಿದೆ ಎಂದು ನಂಬಿಸುತ್ತವೆ. ಕೋಶಗಳ ಆಕಾರ ತೋರಿಸುವ ಹೆಮಟಾಕ್ಸಿಲಿನ್-ಇಯೋಸಿನ್ ಸ್ಲೈಡನ್ನು ಪಕ್ಕದಲ್ಲಿಟ್ಟುಕೊಂಡು, ಕಂದಾಗಿರುವ ಕೋಶ ಯಾರದೆಂದು ಒಂದೊಂದಾಗಿ ಗುರುತಿಸದೆ ಮುಂದೆ ಹೋಗಬೇಡಿ.

ಬಣ್ಣವಿದೆ, ಹಿಡಿತವಿಲ್ಲ

ಕೋಶಗಳು ಬಿಡಿಬಿಡಿಯಾಗಿ ಚದುರಿವೆ, ಇ-ಕ್ಯಾಡ್ಹೆರಿನ್ ಮಾತ್ರ ಅಚ್ಚುಕಟ್ಟಾಗಿ ಪೊರೆಯಲ್ಲಿದೆ. ಆಗ ಸಾಲಿನ ಕೊನೆಯವರನ್ನು ಅನುಮಾನಿಸಿ. ಪಿಸಿ9 ಎಂಬ ಶ್ವಾಸಕೋಶದ ಕ್ಯಾನ್ಸರ್ ಕೋಶಗಳು ಇದಕ್ಕೆ ಹಳೆಯ ಉದಾಹರಣೆ: ಇ-ಕ್ಯಾಡ್ಹೆರಿನ್ ಇದೆ, ಆಲ್ಫಾ-ಕ್ಯಾಟೆನಿನ್ ಇಲ್ಲ, ಕೋಶಗಳು ಒಂದಕ್ಕೊಂದು ಅಂಟದೆ ತೇಲುತ್ತಿರುತ್ತವೆ. 1992ರಲ್ಲಿ ಜಪಾನಿನ ಸಂಶೋಧಕರು ಆಲ್ಫಾ-ಕ್ಯಾಟೆನಿನ್ ಮರಳಿ ಕೊಟ್ಟಾಗ ಅವು ಮತ್ತೆ ಕೂಡಿಕೊಂಡು ಎಪಿಥೀಲಿಯಮ್‌ನ ಹಾಗೆ ಪದರ ಕಟ್ಟಿದವು. ಬಾಗಿಲಿನ ಚಿಲಕ ಗಟ್ಟಿಯಿದ್ದು ಗೋಡೆಯ ಮೊಳೆ ಕಿತ್ತುಬಂದಿದ್ದರೆ ಚಿಲಕವನ್ನು ಎಷ್ಟು ಪರೀಕ್ಷಿಸಿದರೂ ದೋಷ ಸಿಗುವುದಿಲ್ಲ.

ಇ-ಕ್ಯಾಡ್ಹೆರಿನ್ ತಾನೇ ಅಂಗವಿಕಲವಾಗಿರುವುದೂ ಉಂಟು. ಕೋಶಗಳು ಬಿಡಿಬಿಡಿಯಾಗಿ ಹರಡುವ ಡಿಫ್ಯೂಸ್ ಬಗೆಯ ಜಠರದ ಕ್ಯಾನ್ಸರಿನಲ್ಲಿ ಕೆಲವೊಮ್ಮೆ ಇ-ಕ್ಯಾಡ್ಹೆರಿನ್ ವಂಶವಾಹಿಯ 8 ಅಥವಾ 9ನೇ ಎಕ್ಸಾನ್ (ಪ್ರೋಟೀನಿನ ಬರಹವಿರುವ ತುಂಡು) ಇಡಿಯಾಗಿ ಬಿಟ್ಟುಹೋದ ಪ್ರೋಟೀನು ತಯಾರಾಗುತ್ತದೆ. ಪ್ರತಿಕಾಯಕ್ಕೆ ಅದು ಕಾಣುತ್ತದೆ, ಕ್ಯಾಲ್ಸಿಯಂ ಕೂರಬೇಕಾದ ಜಾಗ ಕೆಟ್ಟಿರುತ್ತದೆ. ಲೋಬ್ಯುಲರ್ ಕಾರ್ಸಿನೋಮಗಳಲ್ಲಿ ಹತ್ತರಲ್ಲಿ ಒಂದರಷ್ಟು ಹೀಗೆ ಬಣ್ಣ ತೋರಿಸಿಯೇ ತೋರಿಸುತ್ತವೆ. ಬಣ್ಣ ಬಂತೆಂಬ ಒಂದೇ ಕಾರಣಕ್ಕೆ, ಕಣ್ಣಿಗೆ ಸ್ಪಷ್ಟವಾಗಿ ಲೋಬ್ಯುಲರ್ ಆಗಿರುವುದನ್ನು ಡಕ್ಟಲ್ ಎಂದು ಬದಲಿಸುವುದು ತಪ್ಪು. ಕೋಶಗಳ ಆಕಾರ, ಅವು ನಡೆಯುವ ರೀತಿ ಮೊದಲು. ಬಣ್ಣ ಅದರ ಸಾಕ್ಷಿ.

ನಷ್ಟ ನಿಜವಾದರೆ, ಕಾರಣ ಯಾವುದು?

ವಂಶವಾಹಿಯ ಹೆಸರು ಸಿಡಿಎಚ್1, ಇರುವುದು 16ನೇ ವರ್ಣತಂತುವಿನ ಉದ್ದ ತೋಳಿನಲ್ಲಿ, 16ಕ್ಯೂ22ರಲ್ಲಿ. ಲೋಬ್ಯುಲರ್ ಕಾರ್ಸಿನೋಮದಲ್ಲಿ ಅದರ ಒಂದು ಪ್ರತಿಯಲ್ಲಿ ಪ್ರೋಟೀನನ್ನು ಮೊಟಕುಗೊಳಿಸುವ ಉತ್ಪರಿವರ್ತನೆ, ಇನ್ನೊಂದು ಪ್ರತಿ ವರ್ಣತಂತುವಿನ ತುಂಡಿನ ಜೊತೆಗೇ ನಾಪತ್ತೆ. 1995ರಲ್ಲೇ ಇದು ಬೆಳಕಿಗೆ ಬಂದಿತ್ತು. ಇಂಥ ಗೆಡ್ಡೆಯಲ್ಲಿ ನಷ್ಟ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಸಮ ಇರುತ್ತದೆ, ದೂರದ ಅಂಗದಲ್ಲಿ ಹುಟ್ಟಿದ ಮರಿಗೆಡ್ಡೆಯಲ್ಲೂ ಬಣ್ಣ ಮರಳುವುದಿಲ್ಲ. ಮುರಿದದ್ದು ಮುರಿದೇ ಹೋಗಿದೆ.

ವಂಶವಾಹಿ ಅಖಂಡವಾಗಿದ್ದು ಅದರ ಬಾಯಿಗೆ ಬೀಗ ಬಿದ್ದಿದ್ದರೆ ಚಿತ್ರ ಬೇರೆ. ಸ್ನೇಲ್, ಸ್ಲಗ್, ಝೆಬ್1, ಝೆಬ್2 ಎಂಬ ಪ್ರೋಟೀನುಗಳು ಸಿಡಿಎಚ್1ರ ಪ್ರೊಮೋಟರ್‌ನಲ್ಲಿ, ಅಂದರೆ ವಂಶವಾಹಿಯನ್ನು ಚಾಲೂ ಮಾಡುವ ಜಾಗದಲ್ಲಿ, ಕುಳಿತು ಅದನ್ನು ಮೌನವಾಗಿಸುತ್ತವೆ. ಸ್ನೇಲ್‌ನ ಈ ಪಾತ್ರವನ್ನು 2000ನೇ ಇಸವಿಯಲ್ಲಿ ಎರಡು ತಂಡಗಳು ಒಟ್ಟಿಗೇ ಪ್ರಕಟಿಸಿದವು. ಆಗ ಗೆಡ್ಡೆಯ ಒಳಗೆ ಕಂದು ಇದ್ದು, ಸುತ್ತಲಿನ ಅಂಗಾಂಶಕ್ಕೆ ನುಗ್ಗುತ್ತಿರುವ ಅಂಚಿನಲ್ಲಿ ಮಾತ್ರ ಬಣ್ಣ ತೆಳುವಾಗುತ್ತದೆ. ಪಕ್ಕದ ಪದರದಲ್ಲಿ, ಅಲೆದಾಡುವ ಕೋಶಗಳ ಗುರುತಾದ ವಿಮೆಂಟಿನ್ ಅಥವಾ ಎನ್-ಕ್ಯಾಡ್ಹೆರಿನ್ ಅದೇ ಅಂಚಿನಲ್ಲಿ ಮೂಡಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಈ ಬೀಗ ತೆಗೆಯಬಹುದಾದ್ದು, ಕೋಶ ಹೊಸ ಜಾಗದಲ್ಲಿ ನೆಲೆಸಿದ ಮೇಲೆ ಇ-ಕ್ಯಾಡ್ಹೆರಿನ್ ಮರಳಿ ಬರಬಹುದು. ಇನ್ನೊಂದು ಬಗೆಯ ಬೀಗ ಪ್ರೊಮೋಟರ್‌ನ ಮೇಲೆ ಮೀಥೈಲ್ ಗುಂಪುಗಳ ಮುದ್ರೆ. ಕೋಶಗಳನ್ನು ಬೆಳೆಸುವಲ್ಲಿ ಆ ಮುದ್ರೆಯನ್ನು ಅಳಿಸುವ ಡೆಸಿಟಾಬಿನ್ ಎಂಬ ಔಷಧ ಕೊಟ್ಟಾಗ ಪ್ರೋಟೀನು ಮರಳಿದರೆ ಆ ಮುದ್ರೆಯೇ ಕಾರಣವಿರಬಹುದು.

ಆರ್‌ಎನ್‌ಎ ಸಾಕಷ್ಟಿದ್ದೂ ಪ್ರೋಟೀನು ಇಲ್ಲವೇ? ಹಾಗಾದರೆ ತಯಾರಾದ ಮೇಲೆ ಹಾಳಾಗುತ್ತಿದೆ. ಮೇಲೆ ಹೇಳಿದ ಕತ್ತರಿಗಳಲ್ಲದೆ, ಪಿ120 ಇಲ್ಲವಾದರೂ ಇ-ಕ್ಯಾಡ್ಹೆರಿನ್ ಪೊರೆಯಿಂದ ಒಳಗೆ ಸೆಳೆದುಹೋಗಿ ಚೂರಾಗುತ್ತದೆ. ಫಾಸ್ಫೇಟ್ ಅಂಟಿದ ಇ-ಕ್ಯಾಡ್ಹೆರಿನ್‌ಗೆ ನಾಶದ ಚೀಟಿ ಹಚ್ಚುವ ಕಿಣ್ವವೊಂದಿದೆ; ಕಂಡುಹಿಡಿದವರು ಅದಕ್ಕೆ ಹಕಾಯಿ ಎಂದು ಹೆಸರಿಟ್ಟರು, ಜಪಾನೀ ಭಾಷೆಯಲ್ಲಿ ವಿನಾಶ ಎಂದರ್ಥ.

ಅತಿ ದೊಡ್ಡ ದೋಷ ತೀರ್ಮಾನದಲ್ಲಿದೆ

ಸ್ಲೈಡ್ ಸರಿ, ಪ್ರತಿಕಾಯ ಸರಿ, ನಷ್ಟವೂ ನಿಜ. ಇಷ್ಟಾದ ಮೇಲೆ ‘ಹಿಡಿತ ತಪ್ಪಿದೆ, ಹಾಗಾದರೆ ಹರಡುತ್ತದೆ’ ಎಂದುಬಿಡುವ ಆತುರ. ಪಠ್ಯದಲ್ಲಿ ಓದಿದ್ದೂ ಹಾಗೆಯೇ. ಅದಕ್ಕೆ ಆಧಾರವೂ ಇದೆ: 1998ರಲ್ಲಿ ಇಲಿಗಳ ಮೇದೋಜೀರಕ ಗ್ರಂಥಿಯ ಗೆಡ್ಡೆಗಳಲ್ಲಿ ಇ-ಕ್ಯಾಡ್ಹೆರಿನ್ ಕೆಲಸವನ್ನು ಕೆಡಿಸಿದಾಗ ಅವು ಬೇಗನೆ ನುಗ್ಗಿ ಹರಡಿದವು, ಉಳಿಸಿಕೊಟ್ಟಾಗ ಸೌಮ್ಯ ಹಂತದಲ್ಲೇ ನಿಂತವು.

ಆದರೆ ಡಕ್ಟಲ್ ಸ್ತನ ಕ್ಯಾನ್ಸರಿನ ಮರಿಗೆಡ್ಡೆಗಳನ್ನು ಶ್ವಾಸಕೋಶದಲ್ಲೋ ಯಕೃತ್ತಿನಲ್ಲೋ ತೆಗೆದು ಬಣ್ಣ ಹಾಕಿ ನೋಡಿ. ಹೆಚ್ಚಿನವು ಕಂದಾಗಿಯೇ ಇರುತ್ತವೆ. 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಡಕ್ಟಲ್ ಗೆಡ್ಡೆಗಳ ಹಲವು ಮಾದರಿಗಳಲ್ಲಿ ಇ-ಕ್ಯಾಡ್ಹೆರಿನ್ ತೆಗೆದುಹಾಕಿತು. ಕೋಶಗಳು ಹೆಚ್ಚು ನುಗ್ಗಿದವು ನಿಜ, ಆದರೆ ದಾರಿಯಲ್ಲಿ ಸತ್ತವು, ಮರಿಗೆಡ್ಡೆಗಳು ಕಡಿಮೆಯಾದವು. ಆ ಗೆಡ್ಡೆಗಳಲ್ಲಿ ಇ-ಕ್ಯಾಡ್ಹೆರಿನ್ ಕೋಶಕ್ಕೆ ಬದುಕುಳಿಯುವ ಬಲವನ್ನೂ ಕೊಡುತ್ತಿತ್ತು. ಅದಕ್ಕೂ ಮೊದಲು, 2014ರಲ್ಲಿ, ರಕ್ತದಲ್ಲಿ ಗುಂಪಾಗಿ ಸಾಗುವ ಗೆಡ್ಡೆಯ ಕೋಶಗಳು ಒಂಟಿ ಕೋಶಗಳಿಗಿಂತ 23ರಿಂದ 50 ಪಟ್ಟು ಹೆಚ್ಚು ಮರಿಗೆಡ್ಡೆ ಹುಟ್ಟಿಸಬಲ್ಲವು ಎಂದು ಇಲಿಗಳಲ್ಲಿ ಕಂಡುಬಂದಿತ್ತು. ಆ ಗುಂಪನ್ನು ಕಟ್ಟಿಹಿಡಿದದ್ದು ಪ್ಲಾಕೋಗ್ಲೋಬಿನ್, ಅದೂ ಒಂದು ಅಂಟುವ ಸಂದಿಯ ಪ್ರೋಟೀನೇ. ಕೈ ಬಿಟ್ಟು ಹೋಗುವ ಕೋಶವೂ ಹರಡುತ್ತದೆ, ಕೈ ಹಿಡಿದು ಹೋಗುವ ಕೋಶವೂ ಹರಡುತ್ತದೆ.

ರಚನೆಯೊಂದಿಗೆ ಸೇರಿಸಿ ನೋಡಿದಾಗ ಬಣ್ಣದಿಂದ ತಿಳಿಯುವುದು ಗೆಡ್ಡೆಯ ಜಾತಿ. ಅದು ತಿಳಿದರೆ ಎಲ್ಲಿ ಹುಡುಕಬೇಕೆಂಬುದೂ ತಿಳಿಯುತ್ತದೆ. ಲೋಬ್ಯುಲರ್ ಕ್ಯಾನ್ಸರ್ ಹೊಟ್ಟೆಯ ಒಳಪೊರೆ, ಜಠರ, ಕರುಳು, ಅಂಡಾಶಯಗಳಿಗೆ ಹೋಗುವುದು ಡಕ್ಟಲ್‌ಗಿಂತ ಹೆಚ್ಚು. ಗಂಟು ಕಟ್ಟದೆ ಸಾಲಾಗಿ ಹರಿಯುವುದರಿಂದ ಮ್ಯಾಮೋಗ್ರಾಮಿನಲ್ಲೂ ನಿಜವಾದ ಗಾತ್ರ ಕಾಣದೆ ಹೋಗುತ್ತದೆ. ವರ್ಷಗಳ ಹಿಂದೆ ಸ್ತನದ ಚಿಕಿತ್ಸೆಯಾದವರು ಹೊಟ್ಟೆನೋವೆಂದು ಬಂದು, ಜಠರದ ಬಯಾಪ್ಸಿಯಲ್ಲಿ ಬಿಡಿಬಿಡಿ ಕೋಶಗಳು ಕಂಡರೆ, ಅದು ಜಠರದಲ್ಲೇ ಹುಟ್ಟಿದ್ದೋ ಸ್ತನದಿಂದ ಬಂದದ್ದೋ ಎಂದು ಇ-ಕ್ಯಾಡ್ಹೆರಿನ್ ಹೇಳಲಾರದು. ಎರಡರಲ್ಲೂ ಅದು ಹೋಗಿರಬಹುದು. ಸ್ತನದ ಮೂಲವನ್ನು ಸೂಚಿಸುವ ಈಸ್ಟ್ರೋಜನ್ ಗ್ರಾಹಕ ಮತ್ತು ಗಾಟಾ3 ಪ್ರೋಟೀನುಗಳಿಗೆ ಬಣ್ಣ ಹಾಕಿಸಿ, ಹಳೆಯ ಸ್ಲೈಡನ್ನು ತರಿಸಿ ಪಕ್ಕದಲ್ಲಿಟ್ಟು ನೋಡಿ.

ವರದಿಯಲ್ಲಿ ನಾನು ಬರೆಯುವುದು

‘ಗೆಡ್ಡೆಯ ಕೋಶಗಳಲ್ಲಿ ಇ-ಕ್ಯಾಡ್ಹೆರಿನ್ ಪೊರೆಯ ಬಣ್ಣ ಇಲ್ಲ, ಅದೇ ಪದರದ ಸಹಜ ನಾಳಗಳಲ್ಲಿ ಇದೆ, ಪಿ120 ಕೋಶರಸದಲ್ಲಿದೆ, ರಚನೆಯೊಂದಿಗೆ ಸೇರಿಸಿ ನೋಡಿದಾಗ ಲೋಬ್ಯುಲರ್ ಕಾರ್ಸಿನೋಮ.’ ಬಳಸಿದ ಪ್ರತಿಕಾಯದ ಹೆಸರನ್ನೂ ಸೇರಿಸುತ್ತೇನೆ, ಇನ್ನೊಂದು ಪ್ರಯೋಗಾಲಯದಲ್ಲಿ ಬೇರೆ ಫಲಿತಾಂಶ ಬಂದರೆ ಅವರಿಗೆ ಕಾರಣ ಹೊಳೆಯಲಿ ಎಂದು. ಹರಡುವಿಕೆಯ ಭವಿಷ್ಯವನ್ನು ಬರೆಯುವುದಿಲ್ಲ.

ಇದರ ಜೊತೆಗೆ ಚಿಕಿತ್ಸೆ ನೀಡುವ ವೈದ್ಯರಿಗೆ ಒಂದು ಪ್ರಶ್ನೆ ಕಳುಹಿಸುತ್ತೇನೆ: ಇವರ ರಕ್ತಸಂಬಂಧಿಗಳಲ್ಲಿ ಯಾರಿಗಾದರೂ ಡಿಫ್ಯೂಸ್ ಬಗೆಯ ಜಠರದ ಕ್ಯಾನ್ಸರ್ ಅಥವಾ ಚಿಕ್ಕ ವಯಸ್ಸಿನಲ್ಲೇ ಲೋಬ್ಯುಲರ್ ಕ್ಯಾನ್ಸರ್ ಬಂದಿತ್ತೇ? ಹೆಚ್ಚಿನವರಲ್ಲಿ ಸಿಡಿಎಚ್1 ಕೆಟ್ಟಿರುವುದು ಗೆಡ್ಡೆಯೊಳಗೆ ಮಾತ್ರ. ಕೆಲವು ಮನೆತನಗಳಲ್ಲಿ ಅದು ಹುಟ್ಟಿನಿಂದಲೇ ಕೆಟ್ಟಿರುತ್ತದೆ. 1998ರಲ್ಲಿ ನ್ಯೂಜಿಲೆಂಡಿನ ಮಾವೋರಿ ಕುಟುಂಬಗಳಲ್ಲಿ ಇದು ಮೊದಲು ಗೊತ್ತಾಯಿತು. ಆ ಕ್ಯಾನ್ಸರ್ ಜಠರದ ಲೋಳೆಪದರದ ಮೇಲ್ಮೈಯ ಅಡಿಯಲ್ಲಿ ಚುಕ್ಕೆಚುಕ್ಕೆಯಾಗಿ ಹರಡುವುದರಿಂದ ಎಂಡೋಸ್ಕೋಪಿಯ ಕಣ್ಣಿಗೂ ಬೇಗ ಬೀಳುವುದಿಲ್ಲ. ‘ಹೌದು’ ಎಂಬ ಉತ್ತರ ಬಂದರೆ ಮುಂದಿನ ಪರೀಕ್ಷೆ ಸ್ಲೈಡಿನಲ್ಲಿ ನಡೆಯುವುದಿಲ್ಲ, ರಕ್ತದ ಮಾದರಿಯಲ್ಲಿ ನಡೆಯುತ್ತದೆ. ಅದಕ್ಕೂ ಮೊದಲು ಆ ಮನೆಯವರನ್ನು ಆನುವಂಶಿಕ ಸಲಹೆಗಾರರ ಮುಂದೆ ಕೂರಿಸಿ ಮಾತನಾಡಬೇಕು.